ಖಾಲಿ ತಟ್ಟೆ ವಾಪಸ್ ಕೊಡಬಾರದು

ಟೀಚರ್ ನಮ್ಮ ಪಕ್ಕದ ಮನೆಯಲ್ಲಿದ್ದ ಹನ್ನೊಂದು ವರ್ಷ ನಾವು ಕ್ರಿಸ್‌ಮಸ್‌ಗೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಹಬ್ಬವೇ ತಟ್ಟೆಯಲ್ಲಿ ಮನೆಗೆ ಬರುತ್ತಿತ್ತು. ದೊಡ್ಡ ಸ್ಟೀಲ್ ತಟ್ಟೆ, ಅದರ ಮೇಲೆ ಕ್ರೋಶಾ ಹಾಕಿದ ಬಿಳಿ ಬಟ್ಟೆ, ಒಳಗೆ ಕುಸ್ವಾರ್. ಮಂಗಳೂರು ಕಡೆಯ ಕ್ರೈಸ್ತರು ಈ ಹಬ್ಬಕ್ಕೆ ಮಾಡುವ ತಿಂಡಿಗಳಿಗೆಲ್ಲ ಸೇರಿ ಆ ಹೆಸರು. ತಟ್ಟೆಯನ್ನು ಖಾಲಿ ವಾಪಸ್ ಕೊಡಬಾರದು ಅಂತ ನಮ್ಮ ಅತ್ತೆ ಅದನ್ನು ಸಂಕ್ರಾಂತಿಯವರೆಗೂ ಇಟ್ಟುಕೊಳ್ಳುತ್ತಿದ್ದರು. ಆಮೇಲೆ ಎಳ್ಳು ಬೆಲ್ಲ, ನಾಲ್ಕು ಶೇಂಗಾ ಹೋಳಿಗೆ ಇಟ್ಟು ಕಳಿಸುತ್ತಿದ್ದರು. ದಾವಣಗೆರೆಯ ನಮ್ಮ ಬೀದಿಯಲ್ಲಿ ಡಿಸೆಂಬರ್ ಮುಗಿದು ಜನವರಿ ಬಂತು ಅಂತ ಗೊತ್ತಾಗುತ್ತಿದ್ದದ್ದು ಹಾಗೆ.

ರಿಟೈರ್ ಆದ ಮೇಲೆ ಟೀಚರ್ ಬೆಂಗಳೂರಿನ ಕುಕ್‌ಟೌನ್‌ನಲ್ಲಿರುವ ಮಗಳ ಮನೆಗೆ ಹೋದರು. ಆ ವರ್ಷ ತಟ್ಟೆ ಬರಲಿಲ್ಲ. ಫೋನ್ ಬಂತು. "ಮಕ್ಕಳನ್ನು ಕರ್ಕೊಂಡು ಇಲ್ಲಿಗೇ ಬಾ ಮಾರಾಯ್ತಿ" ಅಂದರು. 2022ರಲ್ಲಿ ಮೊದಲ ಸಲ ಹೋದೆವು. ಆಗಿನಿಂದ ಒಂದು ವರ್ಷವೂ ತಪ್ಪಿಸಿಲ್ಲ. ನಮ್ಮ ಊರಿನಿಂದ ಮಕ್ಕಳು, ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ಅನುಕೂಲವಾಗಲಿ ಅಂತ ನಾವು ಮಾಡಿದ್ದನ್ನು ಬರೆಯುತ್ತಿದ್ದೇನೆ.

ಮೊದಲ ವರ್ಷ ಮಾಡಿದ್ದೆಲ್ಲ ತಪ್ಪು. 25ರ ಬೆಳಗ್ಗೆ ಕಾರಿನಲ್ಲಿ ಹೊರಟೆವು. ಹೈವೇಯಲ್ಲಿ ಸುಮಾರು 260 ಕಿಲೋಮೀಟರ್. ನೆಲಮಂಗಲ ದಾಟುವಷ್ಟರಲ್ಲಿ ಎಲ್ಲರಿಗೂ ಸಾಕಾಗಿತ್ತು. ಸಂಜೆ ದೀಪ ನೋಡೋಣ ಅಂತ ನೇರ ಬ್ರಿಗೇಡ್ ರೋಡಿಗೆ ಹೋದೆವು. ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ನಡುವೆ ಎಲ್ಲೋ ಮಗನ ಕೈ ನನ್ನ ಕೈಯಿಂದ ಜಾರಿತು. ಆಗ ಅವನಿಗೆ ಏಳು ವರ್ಷ. ಹತ್ತು ನಿಮಿಷ ಅವನು ಸಿಗಲಿಲ್ಲ. ಆ ಹತ್ತು ನಿಮಿಷದ ಬಗ್ಗೆ ಹೆಚ್ಚು ಬರೆಯಲು ಈಗಲೂ ನನ್ನಿಂದ ಆಗುವುದಿಲ್ಲ. ಕೆಂಪು ಟೋಪಿ ಮಾರುವ ಹೆಂಗಸೊಬ್ಬಳು ಅವನ ಕೈ ಹಿಡಿದು, ಹೋದ ಕಡೆ ಹೋಗಲು ಬಿಡದೆ, ಒಂದೇ ಕಡೆ ನಿಂತಿದ್ದಳು. "ನೀವು ಇದೇ ದಾರೀಲಿ ಹುಡುಕ್ಕೊಂಡು ಬರ್ತೀರಿ ಅಂತ ಗೊತ್ತಿತ್ತಮ್ಮ" ಅಂದಳು. ಅವಳ ವ್ಯಾಪಾರ ಅಷ್ಟು ಹೊತ್ತು ನಿಂತಿತ್ತು.

ಟೀಚರ್ ಮನೆ ಮುಟ್ಟಿದಾಗ ರಾತ್ರಿ ಒಂಬತ್ತೂವರೆ. ಅವರು ಬೈಯಲಿಲ್ಲ. ಊಟ ಬಡಿಸುತ್ತಾ ಇಷ್ಟೇ ಹೇಳಿದರು. "ನೀವು ಎಂಜಲೆಲೆ ಎತ್ತುವ ಹೊತ್ತಿಗೆ ಬಂದಿದ್ದೀರಿ. ಮುಂದಿನ ಸಲ ಅಡುಗೆ ಒಲೆ ಹಚ್ಚುವಾಗ ಬನ್ನಿ."

ಅವರ ಮಾತಿನ ಅರ್ಥ ಮರುವರ್ಷ ತಿಳಿಯಿತು. ಕ್ರಿಸ್‌ಮಸ್ 25ಕ್ಕೆ ಶುರುವಾಗುವ ಹಬ್ಬವಲ್ಲ. ಅದಕ್ಕೂ ಮೊದಲ ನಾಲ್ಕು ಭಾನುವಾರಗಳಿಂದ ಅವರಿಗೆ ಆಗಮನ ಕಾಲ, ಯೇಸುವಿನ ಬರವಿಗೆ ಕಾಯುವ ದಿನಗಳು. ಸೊಪ್ಪಿನ ಬಳೆಯ ಸುತ್ತ ನಾಲ್ಕು ಮೇಣದ ಬತ್ತಿ ಇಟ್ಟು, ವಾರಕ್ಕೊಂದರಂತೆ ಹೆಚ್ಚಿಗೆ ಹಚ್ಚುತ್ತಾ ಹೋಗುತ್ತಾರೆ. ಮನೆ ತೊಳೆಯುವುದು, ಗೋದಲಿ ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ ಕಟ್ಟುವುದು, ತಿಂಡಿ ಕರಿಯುವುದು, ಹಾಡು ಕಲಿಯುವುದು ಎಲ್ಲ ಈ ದಿನಗಳಲ್ಲೇ. ನಮ್ಮಲ್ಲೂ ದೀಪಾವಳಿಯ ಸಂತೋಷ ಅರ್ಧ ಇರುವುದು ಹಿಂದಿನ ವಾರದ ಓಡಾಟದಲ್ಲಿ, ಅಲ್ವಾ? ಆದ್ದರಿಂದ ಈಗ ನಾವು 20 ಅಥವಾ 21ಕ್ಕೇ ಹೋಗುತ್ತೇವೆ. ಮಕ್ಕಳ ಶಾಲೆಗೆ ಮೊದಲೇ ರಜಾ ಚೀಟಿ ಬರೆದುಕೊಡುತ್ತೇನೆ.

ಕಾರು ಬಿಟ್ಟು ರೈಲು ಹಿಡಿದದ್ದು ಒಳ್ಳೆಯದಾಯಿತು. 2023ರಿಂದ ವಂದೇ ಭಾರತ್ ನಮ್ಮ ದಾವಣಗೆರೆಯಲ್ಲಿ ನಿಲ್ಲುತ್ತದೆ. ಅತ್ತೆಗೆ ಕಾಲು ಚಾಚಿ ಕೂರಲು ಆಗುತ್ತದೆ. ಈಗ ರಿಸರ್ವೇಶನ್ ತೆರೆಯುವುದು 60 ದಿನ ಮೊದಲು. ಅಂದರೆ ಡಿಸೆಂಬರ್ 20ರ ಪ್ರಯಾಣಕ್ಕೆ ಅಕ್ಟೋಬರ್ 21ಕ್ಕೆ ನೆನಪಿಟ್ಟು ಕೂರಬೇಕು. ಯಶವಂತಪುರದಲ್ಲಿ ಇಳಿದರೆ ಅಲ್ಲೇ ಮೆಟ್ರೋ. ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದು ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ಎಂ.ಜಿ. ರೋಡ್. ಊರಿನಿಂದ ಮಂಡಕ್ಕಿ ಮಿರ್ಚಿಗೆ ಬೇಕಾದ ಸಾಮಾನು ಕಟ್ಟಿಕೊಂಡು ಹೋಗುವುದನ್ನು ಮಾತ್ರ ಮರೆಯುವುದಿಲ್ಲ. ಟೀಚರ್ ಅದಕ್ಕೇ ಕಾಯುತ್ತಿರುತ್ತಾರೆ.

ಮೊದಲ ದಿನ ಬೆಳಗ್ಗೆ ಶಿವಾಜಿನಗರ. ಬೆಂಗಳೂರಿನಲ್ಲಿ ಒಂದೇ ಕಡೆ ಹೋಗಲು ಸಮಯವಿದೆ ಅನ್ನುವವರಿಗೆ ನಾನು ಹೇಳುವುದು ಇದನ್ನೇ. ಒಂದು ಕಡೆ ರಸೆಲ್ ಮಾರ್ಕೆಟ್, ಅದರ ಹತ್ತಿರವೇ ಸೇಂಟ್ ಮೇರೀಸ್ ಬಸಿಲಿಕಾ. ಬಸಿಲಿಕಾ ಅಂದರೆ ಪೋಪ್ ವಿಶೇಷ ಮನ್ನಣೆ ಕೊಟ್ಟ ಚರ್ಚು. ಸಂತೆಯೂ ಪೂಜೆಯೂ ಒಂದಕ್ಕೊಂದು ತಾಗಿಕೊಂಡಿವೆ, ನಮ್ಮ ದುಗ್ಗಮ್ಮನ ಜಾತ್ರೆಯ ಹಾಗೆ. ಅಂಗಡಿಗಳ ಮುಂದೆ ಕಾಗದದ ನಕ್ಷತ್ರಗಳು ಮಡಚಿ ಒಟ್ಟಿರುತ್ತವೆ. ಬಿಡಿಸಿದರೆ ಕೊಡೆಯಷ್ಟು ದೊಡ್ಡದಾಗುತ್ತವೆ. ಒಳಗೆ ಒಂದು ಬಲ್ಬು ಬಿಟ್ಟು ಬಾಗಿಲ ಮೇಲೆ ತೂಗುಹಾಕುತ್ತಾರೆ. ನಾವು ಕಳೆದ ಸಲ ಕೊಂಡದ್ದಕ್ಕೆ ನೂರೈವತ್ತು ರೂಪಾಯಿ. ಪ್ಲಾಸ್ಟಿಕ್ಕಿನದು ಮಳೆಗೆ ತಡೆಯುತ್ತದೆ, ನಿಜ. ಆದರೆ ಕಾಗದದ ತೂತುಗಳಿಂದ ಗೋಡೆಯ ಮೇಲೆ ಬೀಳುವ ಬೆಳಕು ಅದರಲ್ಲಿ ಬರುವುದಿಲ್ಲ. ದಾವಣಗೆರೆಯಲ್ಲಿ ಡಿಸೆಂಬರ್ ಮಳೆ ಎಷ್ಟು ಬಂದೀತು? ಕಾಗದದ್ದನ್ನೇ ತನ್ನಿ.

ಗೋದಲಿಯ ಗೊಂಬೆಗಳೂ ಇಲ್ಲೇ ಸಿಗುತ್ತವೆ. ಮೇರಿ, ಜೋಸೆಫ್, ಕುರುಬರು, ದನ, ಕತ್ತೆ, ಹುಟ್ಟಿದ ಯೇಸುವನ್ನು ನೋಡಲು ಬಂದ ಮೂವರು ಜ್ಞಾನಿಗಳು, ಒಂದು ಒಂಟೆ. ಯೇಸು ಹುಟ್ಟಿದ ಕೊಟ್ಟಿಗೆಯನ್ನು ಹೀಗೆ ಕಟ್ಟಿ ತೋರಿಸುವ ಪದ್ಧತಿಗೆ ಸಂತ ಫ್ರಾನ್ಸಿಸ್ ಕಾರಣ ಎನ್ನುತ್ತಾರೆ. 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬ ಹಳ್ಳಿಯಲ್ಲಿ ನಿಜವಾದ ದನ, ಕತ್ತೆ, ಹುಲ್ಲು ತಂದು ಅವರು ಅದನ್ನು ಮಾಡಿಸಿದರಂತೆ. ಕುರುಬರು, ದನ, ಹುಲ್ಲು ಅಂದರೆ ನಮ್ಮ ಕಡೆಯ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಗಳು ಬಸಿಲಿಕಾದ ಗೋದಲಿಯ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ, "ಅಮ್ಮಾ, ಎಲ್ಲರೂ ಇದ್ದಾರೆ, ಪಾಪು ಎಲ್ಲಿ?" ಅಂತ ಕೇಳಿದಳು. ಹುಲ್ಲಿನ ತೊಟ್ಟಿಲು ಖಾಲಿಯಿತ್ತು. "ಇನ್ನೂ ಹುಟ್ಟಿಲ್ಲವಲ್ಲ" ಅಂದರು ಟೀಚರ್.

ಬಸಿಲಿಕಾದ ಈಗಿನ ಕಟ್ಟಡ 1882ರದು. ಎತ್ತರದ ಗೋಪುರ, ಬಣ್ಣದ ಗಾಜಿನ ಕಿಟಕಿಗಳು. ಬೆಳಗ್ಗೆ ಹೋದರೆ ಆ ಬಣ್ಣಗಳು ನೆಲದ ಮೇಲೆ ಬಿದ್ದಿರುತ್ತವೆ. ಅತ್ತೆಗೆ ಮಾತ್ರ ಹಿಡಿಸಿದ್ದು ಬೇರೆ. ಇಲ್ಲಿಯ ಮೇರಿ ಮಾತೆಗೆ ಸೀರೆ ಉಡಿಸಿರುತ್ತಾರೆ. "ನೋಡು, ಸೆರಗು ಎಷ್ಟು ಚೆಂದ ಹೊದಿಸಿದ್ದಾರೆ" ಅಂತ ಕೈ ಮುಗಿದರು. ಚಪ್ಪಲಿ ಬಿಡಬೇಕೋ ಬೇಡವೋ, ಕುಂಕುಮ ಇಟ್ಟುಕೊಂಡು ಹೋಗಬಹುದೋ ಅಂತ ರೈಲಿನಲ್ಲಿ ಹತ್ತು ಸಲ ಕೇಳಿದ್ದವರು ಅವರೇ. ಒಳಗೆ ಯಾರೂ ನಮ್ಮನ್ನು ತಿರುಗಿ ನೋಡಲಿಲ್ಲ. ಬುರ್ಖಾ ಹಾಕಿದವರು, ಮುಡಿ ಕೊಟ್ಟವರು, ಎಲ್ಲರೂ ಮೇಣದ ಬತ್ತಿ ಹಿಡಿದು ನಿಂತಿದ್ದರು.

ಅವತ್ತು ಸಂಜೆ ಎಂ.ಜಿ. ರೋಡ್. ಸೇಂಟ್ ಮಾರ್ಕ್ಸ್ ಚರ್ಚು ದಂಡು ಪ್ರದೇಶದ ಹಳೆಯ ಚರ್ಚುಗಳಲ್ಲಿ ಒಂದು, 1808ರಲ್ಲಿ ಅಡಿಗಲ್ಲು ಹಾಕಿದ್ದು. ಬ್ರಿಟಿಷ್ ಸೈನ್ಯದವರಿಗಾಗಿ ಕಟ್ಟಿದ್ದರು. ದೊಡ್ಡ ಗುಮ್ಮಟಕ್ಕೆ ದೀಪ ಹಾಕಿದಾಗ ಎದುರಿನ ಫುಟ್‌ಪಾತಿನಿಂದ ನೋಡಬೇಕು. ಅಲ್ಲಿಂದ ಚರ್ಚ್ ಸ್ಟ್ರೀಟಿನಲ್ಲಿ ನಡೆದು ಬ್ರಿಗೇಡ್ ರೋಡ್ ಸೇರುತ್ತೇವೆ. ವಾರದ ದಿನ, ಆರು ಗಂಟೆಗೆ ಒಳಗೆ, ಎಂಟಕ್ಕೆ ಹೊರಗೆ. ಈ ನಿಯಮ ಮುರಿಯುವುದಿಲ್ಲ. ಇಬ್ಬರು ಮಕ್ಕಳ ಜೇಬಿನಲ್ಲೂ ನಮ್ಮ ಫೋನ್ ನಂಬರ್ ಬರೆದ ಚೀಟಿ ಇರುತ್ತದೆ. "ತಪ್ಪಿಸಿಕೊಂಡರೆ ನಿಂತಲ್ಲೇ ನಿಲ್ಲು" ಅಂತ ಪ್ರತಿ ವರ್ಷ ಹೇಳಿಸಿಕೊಳ್ಳುತ್ತಾರೆ. ಟೋಪಿ ಮಾರುವ ಆ ಹೆಂಗಸನ್ನು ಪ್ರತಿ ಸಲ ಹುಡುಕುತ್ತೇನೆ. ಮತ್ತೆ ಸಿಕ್ಕಿಲ್ಲ.

ಮಾಲ್‌ಗಳ ದೊಡ್ಡ ಕ್ರಿಸ್‌ಮಸ್ ಮರಗಳನ್ನೂ ಒಂದು ವರ್ಷ ನೋಡಿದೆವು. ಫೋಟೋ ಚೆನ್ನಾಗಿ ಬರುತ್ತದೆ. ಒಂದು ಸಲಕ್ಕೆ ಸಾಕು. ಕೇಕ್ ಶೋ ಬೇರೆ ಮಾತು. ಐವತ್ತು ವರ್ಷಗಳಿಂದ ನಡೆಯುತ್ತಿದೆ. ನಾವು ಹೋದದ್ದು 2024ರಲ್ಲಿ, ಅರಮನೆ ಮೈದಾನದ ತ್ರಿಪುರವಾಸಿನಿಯಲ್ಲಿ. ಸಕ್ಕರೆಯಲ್ಲಿ ಆಳೆತ್ತರದ ಕಟ್ಟಡ, ಪ್ರಾಣಿಗಳನ್ನು ಮಾಡಿ ನಿಲ್ಲಿಸಿರುತ್ತಾರೆ. ಒಂದೊಂದರ ಹಿಂದೆ ತಿಂಗಳುಗಟ್ಟಲೆ ಕೆಲಸ. ನನ್ನ ಗಂಡ ಬೇಗ ಹೊರಡೋಣ ಅನ್ನದೆ ನಿಂತು ನೋಡಿದ ಜಾಗ ಅದೊಂದೇ.

ಇನ್ನು ಕುಸ್ವಾರ್. 22ರ ಬೆಳಗ್ಗೆ ಟೀಚರ್ ಹಾಲಿನಲ್ಲಿ ಹಳೆಯ ಚಾಪೆ ಹಾಸುತ್ತಾರೆ. ಅವತ್ತು ಯಾರೂ ಹೊರಗೆ ಹೋಗುವ ಹಾಗಿಲ್ಲ. ಮಕ್ಕಳಿಗೆ ಕಿಡಿಯೊ ಕೆಲಸ. ಮೈದಾ, ತುಪ್ಪ, ತೆಂಗಿನ ಹಾಲು, ಮೊಟ್ಟೆ ಹಾಕಿ ಕಲಸಿದ ಹಿಟ್ಟಿನಿಂದ ಗೋಲಿಯಷ್ಟು ಉಂಡೆ ತೆಗೆದು, ಫೋರ್ಕಿನ ಬೆನ್ನ ಮೇಲೆ ಒತ್ತಿ ಸುರುಳಿ ಸುತ್ತಬೇಕು. ಗೆರೆಗಳಿರುವ ಪುಟ್ಟ ಚಿಪ್ಪಿನ ಹಾಗೆ ಬರುತ್ತದೆ. ಕರಿದು, ಸಕ್ಕರೆ ಪಾಕದಲ್ಲಿ ಹೊರಳಿಸಿದರೆ ಮುಗಿಯಿತು. ಮಗನಿಗೆ ಈಗ ಒಂದು ನಿಮಿಷಕ್ಕೆ ಆರು ಬರುತ್ತದೆ. ಬೆಂಗಳೂರಿನ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಇದನ್ನೇ ಕುಲ್‌ಕುಲ್ ಎನ್ನುತ್ತಾರೆ.

ರೋಸ್ ಕುಕೀಸ್ ನನ್ನ ಪಾಲಿಗೆ. ಹೂವಿನ ಆಕಾರದ ಕಬ್ಬಿಣದ ಅಚ್ಚು, ಉದ್ದ ಹಿಡಿ. ಎರಡು ವರ್ಷ ಹಾಳು ಮಾಡಿದ ಮೇಲೆ ಕೈ ಕೂಡಿತು. ಅಚ್ಚನ್ನು ಮೊದಲು ಎಣ್ಣೆಯಲ್ಲೇ ಚೆನ್ನಾಗಿ ಕಾಯಿಸಬೇಕು. ಇಲ್ಲದಿದ್ದರೆ ಹಿಟ್ಟು ಹಿಡಿಯುವುದಿಲ್ಲ. ಹಿಟ್ಟಿನಲ್ಲಿ ಅದ್ದುವಾಗ ಮುಕ್ಕಾಲು ಭಾಗ ಮಾತ್ರ ಮುಳುಗಬೇಕು. ಮೇಲಿನ ಅಂಚಿಗೆ ಹಿಟ್ಟು ಹತ್ತಿತೋ, ಹೂವು ಬಿಟ್ಟು ಬರುವುದಿಲ್ಲ. ಪ್ರತಿ ಹೂವಿಗೂ ಅಚ್ಚು ಮತ್ತೆ ಕಾಯಬೇಕು. ಅವಸರ ಮಾಡಿದರೆ ಅದಕ್ಕೆ ಗೊತ್ತಾಗುತ್ತದೆ.

ಅತ್ತೆ ಮೊಟ್ಟೆ ಮುಟ್ಟುವುದಿಲ್ಲ. ಅದು ಟೀಚರಿಗೆ ಮೊದಲಿನಿಂದ ಗೊತ್ತು. ಅವರಿಗಾಗಿ ಬೇರೆ ಬಾಣಲೆ, ಬೇರೆ ಎಣ್ಣೆ ಇಟ್ಟು ನೆವ್ರಿ ಮಾಡುತ್ತಾರೆ. ಒಳಗೆ ಕೊಬ್ಬರಿ, ಎಳ್ಳು, ಸಕ್ಕರೆ, ಏಲಕ್ಕಿ. ಅತ್ತೆ ಮೊದಲ ಸಲ ನೋಡಿದವರೇ, "ಇದು ನಮ್ಮ ಕರ್ಜಿಕಾಯಿ ಅಲ್ವೇನ್ರೀ ಟೀಚರ್" ಅಂತ ಸೀರೆ ಸೆರಗು ಸಿಕ್ಕಿಸಿ ಕೂತುಬಿಟ್ಟರು. ಅಂಚು ಮಡಚುವುದರಲ್ಲಿ ಟೀಚರ್ ಕೈಗಿಂತ ಅವರ ಕೈ ಚುರುಕು. ಅವತ್ತಿನಿಂದ ನೆವ್ರಿ ವಿಭಾಗ ಅತ್ತೆಯದೇ.

ಪ್ಲಮ್ ಕೇಕಿನ ಬಗ್ಗೆ ಒಂದು ಮಾತು. ಅದರಲ್ಲಿ ಪ್ಲಮ್ ಹಣ್ಣು ಇರಲೇಬೇಕೆಂದಿಲ್ಲ. ಹಿಂದೆ ಇಂಗ್ಲಿಷರು ಒಣದ್ರಾಕ್ಷಿಯನ್ನೂ ಪ್ಲಮ್ ಎನ್ನುತ್ತಿದ್ದರು, ಆ ಹೆಸರು ಉಳಿದುಕೊಂಡಿದೆ. ಟೀಚರ್ ನವೆಂಬರಿನಲ್ಲೇ ಒಣಹಣ್ಣುಗಳನ್ನು ರಮ್ಮಿನಲ್ಲಿ ನೆನೆಹಾಕಿ ಗಾಜಿನ ಭರಣಿಯಲ್ಲಿ ಇಡುತ್ತಾರೆ. ನಾನು ಮನೆಯಲ್ಲಿ ಕಿತ್ತಳೆ ರಸದಲ್ಲಿ ನೆನೆಸಿ ಫ್ರಿಜ್ಜಿನಲ್ಲಿ ಎರಡು ದಿನ ಇಡುತ್ತೇನೆ. ಕಪ್ಪು ಬಣ್ಣ ಬರುವುದು ಸುಟ್ಟ ಸಕ್ಕರೆಯಿಂದ. ಸಕ್ಕರೆ ಕರಗಿ ಗಾಢ ಕಂದು ಆದಾಗ ಉರಿ ಆರಿಸಿ ಬಿಸಿ ನೀರನ್ನು ಸ್ವಲ್ಪಸ್ವಲ್ಪವಾಗಿ, ದೂರ ನಿಂತು ಹಾಕಿ. ತಣ್ಣೀರು ಹಾಕಿದರೆ ಸಿಡಿಯುತ್ತದೆ. ನನ್ನ ಮುಂಗೈ ಮೇಲೆ ಗುರುತಿದೆ.

24ರ ರಾತ್ರಿ ಬಲಿಪೂಜೆಗೆ, ಅಂದರೆ ಚರ್ಚಿನ ಮಾಸ್‌ಗೆ, ಟೀಚರ್ ಹೋಗುವ ಬಡಾವಣೆಯ ಚರ್ಚಿಗೇ ಹೋಗುತ್ತೇವೆ. ದೊಡ್ಡ ಚರ್ಚುಗಳಲ್ಲಿ ಮಕ್ಕಳಿಗೆ ಕೂರಲು ಜಾಗ ಸಿಗುವುದು ಕಷ್ಟ. ನಡುರಾತ್ರಿಯ ಪೂಜೆ ಅಂತ ಕರೆದರೂ ಎಷ್ಟೋ ಕಡೆ ಮೊದಲೇ ಶುರುವಾಗುತ್ತದೆ, ಹೊತ್ತು ಕೇಳಿಕೊಂಡು ಹೋಗಿ. ಸ್ವೆಟರ್ ಇರಲಿ. ನಾವು ಹಿಂದಿನ ಬೆಂಚಿನಲ್ಲಿ ಕೂರುತ್ತೇವೆ. ಎಲ್ಲರೂ ಎದ್ದಾಗ ಏಳುತ್ತೇವೆ. ಫಾದರ್ ಕೊಡುವ ರೊಟ್ಟಿಯ ಪರಮಪ್ರಸಾದಕ್ಕೆ ಸಾಲು ಹೊರಟಾಗ ಮಾತ್ರ ಕೂತಲ್ಲೇ ಇರುತ್ತೇವೆ. ಅದು ದೀಕ್ಷಾಸ್ನಾನ ಪಡೆದು ಅವರ ಧರ್ಮಸಭೆಗೆ ಸೇರಿದವರಿಗೆ ಮೀಸಲು. ಮಕ್ಕಳಿಗೆ ಇದನ್ನು ಮೊದಲೇ ಹೇಳಿರಬೇಕು. ಫೋಟೋ ತೆಗೆಯುವುದಿಲ್ಲ.

ಆಗಮನ ಕಾಲದ ಭಾನುವಾರಗಳ ಪೂಜೆಯಲ್ಲಿ ದೇವರನ್ನು ಕೊಂಡಾಡುವ 'ಮಹಿಮೆ' ಗೀತೆ ಹಾಡುವುದಿಲ್ಲವಂತೆ. ಈ ರಾತ್ರಿಗೆಂದು ಹಿಡಿದಿಡುತ್ತಾರೆ. ಆದ್ದರಿಂದ ಅದು ಶುರುವಾದಾಗ ಗಂಟೆಗಳೆಲ್ಲ ಒಟ್ಟಿಗೆ ಬಾರಿಸಿದವು, ದೀಪಗಳೆಲ್ಲ ಹತ್ತಿದವು. ಫಾದರ್ ಬಾಲಯೇಸುವಿನ ಗೊಂಬೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಗೋದಲಿಯ ಹುಲ್ಲಿನ ಮೇಲೆ ಮಲಗಿಸಿದರು. ನಿದ್ದೆಗಣ್ಣಿನಲ್ಲಿದ್ದ ಮಗಳು ಬೆಂಚಿನ ಮೇಲೆ ಎದ್ದು ನಿಂತಳು. "ಅಮ್ಮಾ, ಪಾಪು ಬಂತು" ಅಂತ ಜೋರಾಗಿಯೇ ಕೂಗಿದಳು. ಮುಂದಿನ ಬೆಂಚಿನ ಅಜ್ಜಿಯೊಬ್ಬರು ತಿರುಗಿ ಅವಳ ಕೆನ್ನೆ ಮುಟ್ಟಿದರು.

25ರ ಮಧ್ಯಾಹ್ನ ಟೀಚರ್ ಮನೆಯಲ್ಲಿ ಊಟ ಮಾಡಿ ಹೊರಟುಬಿಡುತ್ತೇವೆ. ನಕ್ಷತ್ರ ನಮ್ಮ ಬಾಗಿಲ ಮೇಲೆ ಹೊಸ ವರ್ಷ ಕಳೆಯುವವರೆಗೂ ಇರುತ್ತದೆ. ಜನವರಿ 6ರ ಜ್ಞಾನಿಗಳ ಹಬ್ಬಕ್ಕೆ ಮೊದಲು ಒಂದು ಭಾನುವಾರ ಹರಿಹರಕ್ಕೆ ಹೋಗಿ ಬರುತ್ತೇವೆ. ನಮ್ಮ ಊರಿಗೆ ಇಷ್ಟು ಹತ್ತಿರದ ಆರೋಗ್ಯ ಮಾತೆಯ ಚರ್ಚಿಗೂ 2019ರಲ್ಲಿ ಬಸಿಲಿಕಾ ಎಂಬ ಮನ್ನಣೆ ಸಿಕ್ಕಿದೆ. ಬೆಂಗಳೂರಿಗೆ ಹೋಗಲು ಆಗದವರು ಮಕ್ಕಳನ್ನು ಅಲ್ಲಿಗೇ ಕರೆದುಕೊಂಡು ಹೋಗಬಹುದು.

ಈ ಸಲ ಹೊರಡುವಾಗ ಟೀಚರ್ ಅದೇ ಸ್ಟೀಲ್ ತಟ್ಟೆಯಲ್ಲಿ ಕುಸ್ವಾರ್ ತುಂಬಿ, ಕ್ರೋಶಾ ಬಟ್ಟೆ ಕಟ್ಟಿ ಕೊಟ್ಟರು. ರೈಲಿನಲ್ಲಿ ಅತ್ತೆ ಅದನ್ನು ಮಡಿಲಿನಿಂದ ಇಳಿಸಲಿಲ್ಲ. ಬೀದಿಯ ಮನೆಗಳಿಗೆಲ್ಲ ಹಂಚಿ ಆಯಿತು. ಈಗ ತಟ್ಟೆ ತೊಳೆದು ಅಡುಗೆಮನೆಯ ಕಟ್ಟೆಯ ಮೇಲಿದೆ. ಅತ್ತೆ ಎಳ್ಳು ಹುರಿಯುತ್ತಿದ್ದಾರೆ. ಸಂಕ್ರಾಂತಿ ಮುಗಿದ ಮರುದಿನ ಬೆಂಗಳೂರಿಗೆ ಹೋಗುವವರು ಯಾರಾದರೂ ಇದ್ದಾರಾ ಅಂತ ಬೆಳಗ್ಗೆಯಿಂದ ಎರಡು ಸಲ ಕೇಳಿದ್ದಾರೆ.