ಪಂಕ್ಚರ್ ಹಾಕುತ್ತಾ ಕೂತ ಶನಿವಾರಗಳು: ನನ್ನ ಅನುಭವ

"ಹೆತ್ತ ನನಗೇ ಹೇಳದ್ದನ್ನ ನಿಮಗೆ ಹೇಳ್ತಾಳಾ?" ಎಂದು ತಾಯಿಯೊಬ್ಬರು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿ ಹೆಚ್ಚುಕಮ್ಮಿ ಒಂಬತ್ತು ವರ್ಷವಾಯಿತು. ಹದಿಹರೆಯದ ಹುಡುಗಿಯರಿಗೆ ಮನಸ್ಸು ಬಿಚ್ಚಿ ಮಾತಾಡಲು ಮನೆಯ ಹೊರಗಿನ ಹಿರಿಯರೊಬ್ಬರು ಸಿಗಲಿ ಎಂದು ನಾನು ಶುರುಮಾಡಿದ ಕೆಲಸ ಇದು. ಜೊತೆಗಿದ್ದವರೂ ಇದು ಬಹಳ ದಿನ ಉಳಿಯುವುದಿಲ್ಲ ಅಂದಿದ್ದರು. ಇವತ್ತು ನಮ್ಮಲ್ಲಿ ಹದಿನಾಲ್ಕು ಜೋಡಿಗಳಿವೆ, ಒಬ್ಬ ಹುಡುಗಿಗೆ ಒಬ್ಬ ಹಿರಿಯ ಹೆಂಗಸು, ಅವರನ್ನೇ ಮೆಂಟರ್ ಅನ್ನುತ್ತೇವೆ. ಹನ್ನೊಂದು ಜೋಡಿ ವರ್ಷ ದಾಟಿವೆ. ಅಂದು ಬಾಗಿಲಲ್ಲಿ ನಿಂತು ಕೇಳಿದ ಆ ತಾಯಿಯೇ ಈಗ ಬೇರೊಬ್ಬರ ಮಗಳಿಗೆ ಮೆಂಟರ್. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ಮೊದಲ ಎರಡು ವರ್ಷ ಪೂರ್ತಿ ದಂಡ. ಹನ್ನೆರಡು ಹುಡುಗಿಯರನ್ನು ಸಾಲಾಗಿ ಕೂರಿಸಿ ವಾರಕ್ಕೊಂದು ವಿಷಯ: ಆತ್ಮವಿಶ್ವಾಸ, ಮುಟ್ಟು, ಓದು, ಮೊಬೈಲು. ಸಭಾಂಗಣದ ಬಾಡಿಗೆ, ಬಂದು ಮಾತಾಡುವವರ ಸಂಭಾವನೆ, ಅಚ್ಚು ಹಾಕಿಸಿದ ಪುಸ್ತಿಕೆ, ಎಲ್ಲ ಸೇರಿ ನನ್ನ ಸಂಬಳದ ಕಾಲುಭಾಗ ತಿಂಗಳು ತಿಂಗಳೂ ಕರಗುತ್ತಿತ್ತು. ಹುಡುಗಿಯರು ತಲೆಯಾಡಿಸಿದರು, ಬರೆದುಕೊಂಡರು, ಮನೆಗೆ ಹೋದರು. ಒಬ್ಬಳೂ ತನ್ನದು ಅಂತ ಒಂದು ಮಾತು ಆಡಲಿಲ್ಲ. ಉಳಿದ ಪುಸ್ತಿಕೆಯ ಕಟ್ಟುಗಳು ಇನ್ನೂ ನನ್ನ ಮಂಚದಡಿ ಇವೆ.

ದಾರಿ ಸಿಕ್ಕಿದ್ದು ಸಭಾಂಗಣ ಸಿಗದ ಒಂದು ಶನಿವಾರ. ಹದಿನಾಲ್ಕರ ಹುಡುಗಿಯೊಬ್ಬಳು ಪಂಕ್ಚರ್ ಆದ ಸೈಕಲ್ ತಳ್ಳಿಕೊಂಡು ಬಂದಳು. ಇಬ್ಬರೂ ಜಗಲಿಯಲ್ಲಿ ಕೂತು ಟ್ಯೂಬ್ ಬಿಚ್ಚಿದೆವು. ಬಕೆಟ್ ನೀರಿನಲ್ಲಿ ಟ್ಯೂಬ್ ಅದ್ದಿ ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೋಡುತ್ತಿದ್ದೆವು. ತಲೆ ಎತ್ತದೆಯೇ ಅಂದಳು: "ಅಕ್ಕ, ನಾನು ಮೂರು ವಾರದಿಂದ ಟ್ಯೂಷನ್‌ಗೆ ಹೋಗಿಲ್ಲ." ದಾರಿಯಲ್ಲಿ ಒಬ್ಬ ಹಿಂದೆ ಬರುತ್ತಿದ್ದ. "ಹೇಳಿದ್ರೆ ಅಮ್ಮ ಅಳ್ತಾಳೆ. ಆಮೇಲೆ ನನ್ನನ್ನೇ ಹೊರಗೆ ಬಿಡಲ್ಲ." ನಾನು ಟ್ಯೂಬಿಗೆ ಮರಳುಕಾಗದ ಉಜ್ಜುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿ ಅವಳ ಮುಖ ನೋಡಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಮರುದಿನ ಸಂಜೆ ಅವಳೇ ಅಮ್ಮನಿಗೆ ಹೇಳಿದಳು, ನಾನು ಪಕ್ಕದಲ್ಲಿ ಕೂತಿದ್ದೆ.

ಅವಳ ಅಮ್ಮನ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಅಮ್ಮನ ಮುಖ ಬಾಡುವುದನ್ನು ನೋಡಲಾರದೆ, ಇರುವ ಅಷ್ಟಿಷ್ಟು ಸ್ವಾತಂತ್ರ್ಯವೂ ಹೋದೀತೆಂಬ ಭಯಕ್ಕೆ ಅವಳು ಬಾಯಿ ಮುಚ್ಚಿದ್ದಳು. ಕೇಳಿ ಗಾಬರಿಯಾಗದ, ಮನೆಯ ಹೊರಗಿನ ದೊಡ್ಡವರೊಬ್ಬರು ಅವಳಿಗೆ ಬೇಕಿತ್ತು. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ ಸುಮಾರು 700 ಮಕ್ಕಳನ್ನು ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಟ್ಟಲೆ ಗಮನಿಸಿದ್ದರು, ಅಲ್ಲಿಯೂ ಕಷ್ಟದ ಮನೆಗಳಿಂದ ಬಂದು ಚೆನ್ನಾಗಿ ಬೆಳೆದವರ ಬದುಕಿನಲ್ಲಿ ಅಜ್ಜಿಯೋ ಟೀಚರೋ ಪಕ್ಕದ ಮನೆಯವರೋ ಇದ್ದರು. ಜನ ಅನುಮಾನಪಟ್ಟಾಗಲೆಲ್ಲ ನನಗೆ ಧೈರ್ಯ ಕೊಟ್ಟಿದ್ದು ಅದೇ.

ಅಲ್ಲಿಂದ ಮುಂದೆ ಭಾಷಣ ಬಂದ್. ಕೈಗೆ ಒಂದು ಕೆಲಸ, ಕಣ್ಣಿಗೆ ಕಣ್ಣು ಸೇರಿಸದೆ ಪಕ್ಕಪಕ್ಕ ಕೂರುವುದು, ಪ್ರತಿ ವಾರ ಅದೇ ದಿನ, ಅದೇ ಹೊತ್ತು. ಬಾಗಿಲು ತೆರೆದೇ ಇರಬೇಕು, ಎಲ್ಲಿದ್ದೇವೆಂದು ಮನೆಯವರಿಗೆ ಗೊತ್ತಿರಬೇಕು. ಈ ಎರಡು ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಆಮೇಲೂ ಪೆಟ್ಟು ತಿಂದೆ. ಒಬ್ಬ ಮೆಂಟರ್ ಎರಡೇ ತಿಂಗಳಿಗೆ ಬಿಟ್ಟು ಹೋದರು. ಆ ಹುಡುಗಿ ಮೊದಲಿಗಿಂತಲೂ ಮುದುಡಿಕೊಂಡಳು, "ನಾನೇನು ತಪ್ಪು ಮಾಡಿದೆ?" ಎಂದು ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಇಂಥ ಜೋಡಿಗಳನ್ನು ಅಧ್ಯಯನ ಮಾಡಿದ ಅಮೆರಿಕದ ಸಂಶೋಧಕರಾದ ಗ್ರಾಸ್‌ಮನ್ ಮತ್ತು ರೋಡ್ಸ್ 2002ರಲ್ಲೇ ಇದನ್ನು ತೋರಿಸಿದ್ದರು: ವರ್ಷ ದಾಟಿದ ಜೋಡಿಗಳಿಗೆ ಹೆಚ್ಚು ಲಾಭ, ಮೂರು ತಿಂಗಳೊಳಗೆ ಮುರಿದರೆ ಮಕ್ಕಳ ಆತ್ಮಗೌರವಕ್ಕೇ ಪೆಟ್ಟು. ಮೊದಲೇ ಓದಿದ್ದರೆ ಆ ಮಗುವನ್ನು ನೋಯಿಸುತ್ತಿರಲಿಲ್ಲ. ಈಗ ಒಂದು ವರ್ಷ ಇರುತ್ತೇನೆ ಎನ್ನದವರನ್ನು ಎಷ್ಟೇ ಒಳ್ಳೆಯವರಾದರೂ ಸೇರಿಸಿಕೊಳ್ಳುವುದಿಲ್ಲ.

ಇನ್ನೊಂದು ನನ್ನದೇ ತಪ್ಪು. ಹುಡುಗಿಯೊಬ್ಬಳು ತನ್ನ ಮೈಬಣ್ಣದ ಬಗ್ಗೆ ಅತ್ತಿದ್ದನ್ನು ಒಳ್ಳೆಯದಕ್ಕೇ ಎಂದುಕೊಂಡು ಅವಳಮ್ಮನ ಕಿವಿಗೆ ಹಾಕಿದೆ. ಐದು ತಿಂಗಳು ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಈಗ ಮೊದಲ ದಿನವೇ ತಾಯಿ ಮಗಳಿಬ್ಬರನ್ನೂ ಕೂರಿಸಿ ಹೇಳಿಬಿಡುತ್ತೇನೆ: ಜೀವಕ್ಕೆ, ಮೈಗೆ ಅಪಾಯ ಎನಿಸಿದರೆ ಮನೆಗೆ ಹೇಳಿಯೇ ಹೇಳುತ್ತೇನೆ, ಅದೂ ನಿನಗೆ ತಿಳಿಸಿ. ಉಳಿದದ್ದು ನಮ್ಮಿಬ್ಬರಲ್ಲೇ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಪ್ರಶ್ನೆ ಪೆಟ್ಟಿಗೆ ಇಟ್ಟೆ, ಮೊದಲ ತಿಂಗಳೇ ಮೂವತ್ತರ ಹತ್ತಿರ ಚೀಟಿ ಬಂದವು. ಅನುಮಾನ ಬಗೆಹರಿಯಿತು, ನಂಟು ಬೆಳೆಯಲಿಲ್ಲ. ಕಾಲೇಜು ಹುಡುಗಿಯರನ್ನು ಮೆಂಟರ್ ಮಾಡಿದೆ. ಚಿಕ್ಕವರಿಗೆ ಬಲು ಇಷ್ಟವಾಯಿತು, ಆದರೆ ಆರು ತಿಂಗಳಲ್ಲಿ ಅವರೆಲ್ಲ ಕೆಲಸ ಹುಡುಕಿಕೊಂಡು ಹೋದರು. ತೀರಾ ನಾಚಿಕೆಯವರಿಗೆ ಮಾತ್ರ ಜೋಡಿ ನೋಟ್‌ಬುಕ್ ಒಳ್ಳೆಯದು: ಒಂದು ವಾರ ಅವಳು ಬರೆಯುವುದು, ಮುಂದಿನ ವಾರ ನಾವು. ಇನ್ನು ಮೊದಲ ಮೂರು ವಾರ ನಾನು ಕೇಳುವ ಒಂದೇ ಒಂದು ಪ್ರಶ್ನೆ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಅದನ್ನೇ ಕೇಳತೊಡಗಿದರೆ ಹುಡುಗಿಯರು ಉತ್ತರ ಸಿದ್ಧ ಮಾಡಿಕೊಂಡೇ ಬರುತ್ತಾರೆ.

ಈಗಿನ ಖರ್ಚು ಆಗಿನದರ ಐದರಲ್ಲಿ ಒಂದು ಪಾಲೂ ಇಲ್ಲ. ಪ್ಯಾಚು, ಸಲ್ಯೂಷನ್, ನೋಟ್‌ಬುಕ್, ಮೆಂಟರ್‌ಗಳ ಓಡಾಟ, ಅಷ್ಟೇ. ಓಡಾಟದ ಹಣದಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ, ಹಾಗೆ ಮಾಡಿ ಇಬ್ಬರು ಒಳ್ಳೆಯವರನ್ನು ಕಳೆದುಕೊಂಡೆ. ಹುಡುಗಿಯರಿಗೆ ಉಡುಗೊರೆ ಬೇಡವೇ ಬೇಡ. ಒಬ್ಬ ಮೆಂಟರ್ ಕೈಬಿಚ್ಚಿ ಕೊಡುತ್ತಿದ್ದರು, ಆ ಹುಡುಗಿ ಅವರ ಯಾವ ಮಾತಿಗೂ "ಇಲ್ಲ" ಅನ್ನಲಾರದಂತಾದಳು.

ಹೊಸಬಳೊಬ್ಬಳು ಬಂದು ಇದು ಐದನೇ ವಾರ. ಹದಿಮೂರು ವರ್ಷ, ಹೂಂ ಉಹೂಂ ಬಿಟ್ಟು ಮಾತಿಲ್ಲ. ಹೋದ ಶನಿವಾರ ಚೈನಿಗೆ ಎಣ್ಣೆ ಬಿಟ್ಟು ಕೈ ಒರೆಸಿಕೊಂಡು ಹೊರಟವಳು ಗೇಟಿನ ಹತ್ತಿರ ತಿರುಗಿ ನಿಂತು, "ಮುಂದಿನ ವಾರ ಬ್ರೇಕ್ ನೋಡ್ಬೇಕು ಅಕ್ಕ" ಅಂದಳು. ಬ್ರೇಕ್ ಸರಿಯಾಗಿಯೇ ಇತ್ತು.