ಹಳೇ ಜೆಟ್ ಹಾರುವಾಗ ಸಪ್ಪಳದ ಮುಂದೆ ನೋಡಿ

ಘಟಪ್ರಭೆಯ ಆಚೆ ದಂಡೆಯಲ್ಲಿ ಬಟ್ಟೆ ಒಗೆಯುವವರನ್ನು ನೋಡಿದ್ದೀರಿ ಅಲ್ವಾ? ಬಟ್ಟೆ ಕಲ್ಲಿಗೆ ಬಡಿಯುವುದು ಮೊದಲು ಕಾಣುತ್ತದೆ. ಸಪ್ಪಳ ಸ್ವಲ್ಪ ತಡವಾಗಿ ಬರುತ್ತದೆ, ಅಷ್ಟರಲ್ಲಿ ಅವರ ಕೈ ಮತ್ತೆ ಮೇಲೆ ಹೋಗಿರುತ್ತದೆ. ಏರ್ ಶೋಗೆ ಹೋಗಿ ಜೆಟ್ ವಿಮಾನ ನೋಡುವವರು ಮೊದಲು ತಿಳಿದುಕೊಳ್ಳಬೇಕಾದ್ದು ಇದನ್ನೇ.

ಲೆಕ್ಕ ಹಾಕಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಒಂದು ಕಿಲೋಮೀಟರ್ ದೂರದಲ್ಲಿ, ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಜೆಟ್ಟಿನ ಸಪ್ಪಳ ನಿಮ್ಮ ಕಿವಿಗೆ ಬೀಳಲು ಹತ್ತಿರಹತ್ತಿರ ಮೂರು ಸೆಕೆಂಡ್ ಬೇಕು. ಆ ಮೂರು ಸೆಕೆಂಡಿನಲ್ಲಿ ವಿಮಾನ ಮುಕ್ಕಾಲು ಕಿಲೋಮೀಟರ್ ಮುಂದೆ ಹೋಗಿಬಿಟ್ಟಿರುತ್ತದೆ. ಬೆಳಗಾವಿಯಿಂದ ರಾತ್ರಿ ರೈಲು ಹಿಡಿದು ಮೊದಲ ಸಲ ಬೆಂಗಳೂರಿನ ಯಲಹಂಕದ ಏರ್ ಶೋಗೆ ಹೋದಾಗ ನನಗೆ ಇದು ಗೊತ್ತಿರಲಿಲ್ಲ. ಸದ್ದು ಬಂದ ಕಡೆ ಲೆನ್ಸ್ ತಿರುಗಿಸಿದೆ, ಅಲ್ಲಿ ಬರೀ ಆಕಾಶ ಇತ್ತು. ಜಾಗ್ವಾರ್ ಜೆಟ್ ಅಷ್ಟರಲ್ಲಿ ಆ ತುದಿ ಮುಟ್ಟಿತ್ತು. ಹಾಗಾಗಿ ಸಪ್ಪಳ ಕೇಳಿದ ಕಡೆ ನೋಡಬೇಡಿ, ಅದು ಹೋಗುತ್ತಿರುವ ದಿಕ್ಕಿನಲ್ಲಿ ಮುಂದೆ ನೋಡಿ.

ಯಾವುದು ಹಾರುತ್ತದೆ, ಯಾವುದು ನಿಂತಿದೆ

ಹೊರಡುವ ಮೊದಲು ಇದು ಗೊತ್ತಿರಬೇಕು. ಬೆಂಗಳೂರಿನ ಯಲಹಂಕ ವಾಯುನೆಲೆಯಲ್ಲಿ 1996ರಿಂದ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ಏರೋ ಇಂಡಿಯಾ ಏರ್ ಶೋ ನಡೆಯುತ್ತಿದೆ. ನಮ್ಮ ವಾಯುಪಡೆಯ ವಿಂಟೇಜ್, ಅಂದರೆ ಹಳೇ ವಿಮಾನಗಳ, ತಂಡದಲ್ಲಿ ಇರುವ ಟೈಗರ್ ಮಾತ್, ಹಾರ್ವರ್ಡ್, ಡಕೋಟಾ ಮೂರೂ ಜೆಟ್ ಅಲ್ಲ, ಫ್ಯಾನ್ ತಿರುಗುವ ವಿಮಾನಗಳು. ಹಳೇ ಜೆಟ್‌ಗಳಾದ ವ್ಯಾಂಪೈರ್, ಹಂಟರ್, ನ್ಯಾಟ್, ಕ್ಯಾನ್‌ಬೆರಾ ಇವೆಲ್ಲ ನಮ್ಮಲ್ಲಿ ಈಗ ಕಟ್ಟೆಯ ಮೇಲೆ ನಿಂತಿವೆ. 1963ರಲ್ಲಿ ಬಂದ ಮಿಗ್-21 ಕೂಡ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಕೊನೆಯ ಬೀಳ್ಕೊಡುಗೆ ಪಡೆಯಿತು. ಅದು ಹಾರುವುದನ್ನು ನಾವು ಇನ್ನು ನೋಡೋದಿಲ್ಲ ಅನ್ನೋದು ನನಗೆ ಇವತ್ತಿಗೂ ಸಂಕಟದ ವಿಷಯ.

ಉಳಿದಿರುವುದು ಜಾಗ್ವಾರ್. 1979ರಲ್ಲಿ ನಮ್ಮ ವಾಯುಪಡೆಗೆ ಬಂದದ್ದು, ಆಮೇಲೆ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಾದದ್ದು. ಬ್ರಿಟನ್, ಫ್ರಾನ್ಸ್, ಒಮಾನ್ ಎಲ್ಲರೂ ಅದನ್ನು ನಿಲ್ಲಿಸಿ ಆಯ್ತು. ಈಗ ಜಗತ್ತಿನಲ್ಲಿ ಜಾಗ್ವಾರ್ ಹಾರಿಸುತ್ತಿರುವುದು ನಮ್ಮವರು ಮಾತ್ರ. ಏರ್ ಶೋದಲ್ಲಿ ಹೊಸ ಜೆಟ್‌ಗಳ ಕಸರತ್ತಿಗೆ ಜನ ಜಾಸ್ತಿ ಚಪ್ಪಾಳೆ ತಟ್ಟುತ್ತಾರೆ, ಆದರೆ ನನ್ನ ಮಾತು ಕೇಳಿ, ಪಟ್ಟಿಯಲ್ಲಿ ಜಾಗ್ವಾರ್ ಇದ್ದರೆ ಅದನ್ನು ಬಿಡಬೇಡಿ.

ಮೊದಲ ಹೆಜ್ಜೆ: ನಿಂತ ವಿಮಾನ ನೋಡಿ

ಬೆಳಗಾವಿಯವರಿಗೆ ಇದಕ್ಕೆ ಬೆಂಗಳೂರಿನ ತನಕ ಹೋಗಬೇಕಾಗಿಲ್ಲ. ಚೋರ್ಲಾ ಘಾಟ್ ಇಳಿದರೆ ಗೋವಾ. ವಾಸ್ಕೋ ಪಕ್ಕದಲ್ಲಿ ನೌಕಾಪಡೆಯ ವಿಮಾನ ಮ್ಯೂಸಿಯಂ ಇದೆ. ಬೆಳಗಿನ ಜಾವ ಹೊರಟರೆ ರಾತ್ರಿ ಊಟಕ್ಕೆ ಮನೆಗೆ ಬರಬಹುದು, ಮಳೆಗಾಲದಲ್ಲಿ ಮಾತ್ರ ಘಾಟ್ ರಸ್ತೆ ಬೇಡ. ಅಲ್ಲಿ ಬಯಲಲ್ಲೇ ಸೀ ಹಾಕ್, ಸೀ ಹ್ಯಾರಿಯರ್ ನಿಂತಿವೆ. ಸೀ ಹಾಕ್ ಸುಮ್ನೆ ಒಂದು ಹಳೇ ವಿಮಾನ ಅಲ್ಲ. 1971ರ ಯುದ್ಧದಲ್ಲಿ ವಿಕ್ರಾಂತ್ ಹಡಗಿನಿಂದ ಎದ್ದು ಈಗಿನ ಬಾಂಗ್ಲಾದೇಶದ ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದ್ದು ಇದೇ ಜಾತಿಯ ಜೆಟ್.

ಹತ್ತಿರ ಹೋಗಿ ನಿಂತು ನೋಡಿ. ರೆಕ್ಕೆ ಮಡಚುವ ಕೀಲು ಎಲ್ಲಿದೆ ಹುಡುಕಿ, ಹಡಗಿನ ಮೇಲೆ ಜಾಗ ಕಡಿಮೆ ಅಂತ ಮಾಡಿದ್ದು ಅದು. ಸಾಲಾಗಿ ಬಡಿದ ರಿವೆಟ್‌ಗಳು, ಬಿಸಿಲು ಮಳೆಗೆ ಮಾಸಿದ ಬಣ್ಣ, ಬಣ್ಣದ ಅಡಿಯಿಂದ ಇಣುಕುವ ಇನ್ನೊಂದು ಬಣ್ಣ, ಇವೆಲ್ಲ ಹಾರುವಾಗ ಕಾಣುವುದಿಲ್ಲ. ಫೋಟೊ ತೆಗೆಯುವಾಗ ಮಂಡಿಯೂರಿ ಕೂತು ಮೂಗಿನ ಕೆಳಗಿನಿಂದ ತೆಗೆಯಿರಿ. ನಿಂತು ತೆಗೆದರೆ ಹಿಂದಿನ ಕಂಬ, ಬೇಲಿ, ಜನ ಎಲ್ಲ ಚಿತ್ರದೊಳಗೆ ಬರುತ್ತವೆ. ಕೂತರೆ ಹಿಂದೆ ಆಕಾಶ ಮಾತ್ರ ಇರುತ್ತದೆ.

ಹೀಗೆ ನೋಡಿದರೆ ಆಕಾರ ಕಣ್ಣಿಗೆ ಕೂರುತ್ತದೆ. ಮಿಗ್-21ಕ್ಕೆ ಮೂಗಿನಲ್ಲೇ ಗಾಳಿ ಹೋಗುವ ದುಂಡು ಬಾಯಿ, ಅದರ ನಡುವೆ ಚೂಪು ಶಂಕು, ರೆಕ್ಕೆ ತ್ರಿಕೋನ. ವ್ಯಾಂಪೈರ್‌ಗೆ ಎರಡು ಬಾಲದ ಕಡ್ಡಿ. ಜಾಗ್ವಾರ್‌ಗೆ ರೆಕ್ಕೆ ಮೈಯ ಮೇಲ್ಭಾಗದಲ್ಲಿ, ಗಾಳಿ ಬಾಯಿ ಎರಡೂ ಪಕ್ಕದಲ್ಲಿ. ದೂರದಲ್ಲಿ ಚುಕ್ಕೆಯಂತೆ ಬರುವಾಗಲೇ ಗುರುತು ಹಿಡಿದರೆ ತಯಾರಾಗಲು ಐದಾರು ಸೆಕೆಂಡ್ ಜಾಸ್ತಿ ಸಿಗುತ್ತದೆ. ಬೆಂಗಳೂರಿಗೆ ಹೋದಾಗ ಅರ್ಧ ದಿನ ಇಟ್ಟುಕೊಂಡು ಎಚ್‌ಎಎಲ್ ಮ್ಯೂಸಿಯಂ ಕೂಡ ನೋಡಿ. 1961ರಲ್ಲಿ ಬೆಂಗಳೂರಿನಲ್ಲೇ ಮೊದಲು ಹಾರಿದ, ನಮ್ಮ ದೇಶದಲ್ಲೇ ತಯಾರಾದ ಮರುತ್ ಜೆಟ್ ಅಲ್ಲಿದೆ.

ಎರಡನೇ ಹೆಜ್ಜೆ: ಚಕ್ಕಡಿ ಓಟದಲ್ಲಿ ಕೈ ಪಳಗಿಸಿ

ಓಡುವ ವಸ್ತುವಿನ ಜೊತೆಗೇ ಕ್ಯಾಮೆರಾ ತಿರುಗಿಸುತ್ತ ಕ್ಲಿಕ್ ಮಾಡುವುದಕ್ಕೆ ಪ್ಯಾನಿಂಗ್ ಅಂತಾರೆ. ಓದಿ ಬರುವ ವಿದ್ಯೆ ಅಲ್ಲ, ಮಾಡಿ ಮಾಡಿ ಬರಬೇಕು. ನಮ್ಮ ಕಡೆ ಅದಕ್ಕೆ ಜಾಗಕ್ಕೇನು ಬರ? ಬಾಗಲಕೋಟೆ, ಬೆಳಗಾವಿ ಕಡೆ ಜಾತ್ರೆಯಲ್ಲಿ ಚಕ್ಕಡಿ ಓಟ ಇಟ್ಟಿರುತ್ತಾರೆ. ಹಗ್ಗದ ಈಚೆ ನಿಂತು ಎತ್ತಿನ ಕಣ್ಣಿನ ಮೇಲೆ ಫೋಕಸ್ ಹಿಡಿದು ಒಂದು ನೂರು ಫೋಟೊ ತೆಗೆಯಿರಿ. ವಿಜಯಪುರದವರು ಗೋಳಗುಮ್ಮಟದ ಹತ್ತಿರ ಸಂಜೆ ಹೊತ್ತು ಹದ್ದು, ಗಿಳಿ ಹಿಡಿಯಲು ನೋಡಿ. ಗಿಳಿ ಜೆಟ್ಟಿಗಿಂತ ಕಷ್ಟ, ಯಾವಾಗ ತಿರುಗುತ್ತದೋ ಹೇಳಲಿಕ್ಕಾಗುವುದಿಲ್ಲ. ಗಿಳಿ ಸಿಕ್ಕರೆ ಜೆಟ್ ಸಿಕ್ಕ ಹಾಗೆಯೇ.

ನಿಲ್ಲುವ ರೀತಿಯಲ್ಲೇ ಅರ್ಧ ಕೆಲಸ ಇದೆ. ವಿಮಾನ ಎಡದಿಂದ ಬಲಕ್ಕೆ ಹೋಗುತ್ತದೆ ಅಂದುಕೊಳ್ಳಿ. ಎಲ್ಲರೂ ಎಡಕ್ಕೆ ಮುಖ ಮಾಡಿ ನಿಲ್ಲುತ್ತಾರೆ, ಅದು ಎದುರಿಗೆ ಬರುವಷ್ಟರಲ್ಲಿ ಸೊಂಟ ತಿರುಗಿ ಮುಗಿದಿರುತ್ತದೆ, ಮುಖ್ಯ ಹೊತ್ತಿನಲ್ಲೇ ಕೈ ನಡುಗುತ್ತದೆ. ಪಾದ ಬಲಕ್ಕೆ, ಅಂದರೆ ವಿಮಾನ ಹೋಗಿ ಮುಟ್ಟುವ ಕಡೆಗೆ ಇಡಿ. ಸೊಂಟ ಮಾತ್ರ ಎಡಕ್ಕೆ ತಿರುಚಿ ಕಾಯಿರಿ. ಅದು ಬರುತ್ತಿದ್ದಂತೆ ಸೊಂಟ ತಾನೇ ಬಿಚ್ಚಿಕೊಳ್ಳುತ್ತ ಬರುತ್ತದೆ, ಸುತ್ತಿದ ಹಗ್ಗ ಬಿಚ್ಚಿದ ಹಾಗೆ. ಮೊಣಕೈ ಎರಡೂ ಪಕ್ಕೆಗೆ ಒತ್ತಿರಲಿ. ಕ್ಲಿಕ್ ಆದ ತಕ್ಷಣ ನಿಲ್ಲಿಸಬೇಡಿ, ಬ್ಯಾಟ್ ಬೀಸಿದವರು ಬೀಸು ಪೂರ್ತಿ ಮಾಡುವಂತೆ ಇನ್ನೊಂದು ಸೆಕೆಂಡ್ ತಿರುಗಿಸುತ್ತಲೇ ಇರಿ.

ಮೂರನೇ ಹೆಜ್ಜೆ: ಕ್ಯಾಮೆರಾದ ಸೆಟ್ಟಿಂಗ್

ಜೆಟ್‌ಗೆ ಶಟರ್ 1/1000ರಿಂದ 1/2000 ಸೆಕೆಂಡ್ ಇಡಿ. ಡಕೋಟಾ, ಹಾರ್ವರ್ಡ್ ಬಂದರೆ ತಕ್ಷಣ 1/160 ಅಥವಾ 1/200ಕ್ಕೆ ಇಳಿಸಿ, ಇಲ್ಲದಿದ್ದರೆ ಫ್ಯಾನ್ ಕಟ್ಟಿಹಾಕಿದಂತೆ ನಿಂತು, ವಿಮಾನ ದಾರದಲ್ಲಿ ತೂಗುಬಿಟ್ಟ ಆಟಿಕೆಯಂತೆ ಕಾಣುತ್ತದೆ. ಫ್ಯಾನ್ ತಿರುಗಿದ್ದು ಕಾಣಬೇಕು, ಮೈ ಮಾತ್ರ ಚೂಪಾಗಿರಬೇಕು. ಚಕ್ಕಡಿ ಓಟದಲ್ಲಿ ಪಳಗಿದ ಕೈ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಫೋಕಸ್ ನಿರಂತರ ಹಿಂಬಾಲಿಸುವ ಮೋಡ್‌ನಲ್ಲಿರಲಿ, ಹೆಚ್ಚಿನ ಕಂಪನಿಗಳ ಕ್ಯಾಮೆರಾದಲ್ಲಿ ಅದು ಎಎಫ್-ಸಿ, ಕ್ಯಾನನ್‌ನ ಡಿಎಸ್‌ಎಲ್‌ಆರ್‌ನಲ್ಲಿ ಎಐ ಸರ್ವೊ. ಇನ್ನೊಂದು ತಪ್ಪು ಎಲ್ಲರೂ ಮಾಡುತ್ತಾರೆ. ಬಾಗಿಲಲ್ಲಿ ಬೆಳಕಿಗೆ ಬೆನ್ನು ಹಾಕಿ ನಿಂತವರ ಮುಖ ಫೋಟೊದಲ್ಲಿ ಕಪ್ಪಾಗುತ್ತದಲ್ಲ, ಆಕಾಶದ ಬೆಳಕಿನ ಎದುರು ವಿಮಾನವೂ ಹಾಗೇ ಕಪ್ಪಾಗುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್, ಅಂದರೆ ಫೋಟೊದ ಬೆಳಕು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್, +0.7ರಿಂದ +1ರ ತನಕ ಏರಿಸಿ. ಬಿಳಿ ಮೋಡ ಇದ್ದರೆ ಇನ್ನೂ ಸ್ವಲ್ಪ, ಕಡುನೀಲಿ ಇದ್ದರೆ ಕಡಿಮೆ.

ಲೆನ್ಸ್ 300 ಎಂಎಂ ಆದರೂ ಬೇಕು. 400 ಇದ್ದರೆ ಒಳ್ಳೆಯದು. ವಿಮಾನಗಳು ಜನರಿಂದ ದೂರ ಹಾರುವುದಕ್ಕೆ ಕಾರಣ ಇದೆ. 2015ರಲ್ಲಿ ಇಂಗ್ಲೆಂಡಿನ ಶೋರ್‌ಹ್ಯಾಮ್ ಏರ್ ಶೋದಲ್ಲಿ ಹಳೇ ಹಂಟರ್ ಜೆಟ್ ಒಂದು ರಸ್ತೆ ಮೇಲೆ ಬಿದ್ದು 11 ಜನ ತೀರಿಕೊಂಡರು. ಆಮೇಲೆ ಅಲ್ಲಿ ನಿಯಮ ಇನ್ನೂ ಬಿಗಿಯಾದವು. ಹಾಗಾಗಿ ಹಗ್ಗ ದಾಟಿ ಮುಂದೆ ಹೋಗುವ ಆಸೆ ಬೇಡ.

ಮೊಬೈಲ್ ಮಾತ್ರ ಇದ್ದವರು ಬೇಜಾರು ಮಾಡಿಕೊಳ್ಳಬೇಡಿ. ಒಂದೇ ಜೆಟ್ಟಿನ ಹಿಂದೆ ಝೂಮ್ ಮಾಡಿ ಓಡುವ ಬದಲು ವಾಯುಪಡೆಯ ಸೂರ್ಯಕಿರಣ್ ಕಸರತ್ತು ತಂಡದ ಒಂಬತ್ತು ವಿಮಾನ ಒಟ್ಟಿಗೆ ಬರುವಾಗ, ಹೊಗೆಯ ಗೆರೆ ಆಕಾಶದ ತುಂಬ ಹರಡಿದಾಗ ಅಗಲವಾಗಿ ತೆಗೆಯಿರಿ. ಆ ಚಿತ್ರ ದೊಡ್ಡ ಲೆನ್ಸಿನವರಿಗೆ ಸಿಗುವುದಿಲ್ಲ.

ಶೋ ದಿನ

ಬೇಗ ಹೋಗಿ. ಇದು ಸುಮ್ನೆ ಹೇಳುವ ಮಾತಲ್ಲ. ಬೇಸಿಗೆ ಮಧ್ಯಾಹ್ನ ನಮ್ಮ ಡಾಂಬರು ರಸ್ತೆ ಮೇಲೆ ನೀರು ನಿಂತಂತೆ ಅಲುಗಾಡುತ್ತದಲ್ಲ, ರನ್‌ವೇ ಮೇಲೂ ಅದೇ ಬಿಸಿಗಾಳಿ ಏಳುತ್ತದೆ. ಫೆಬ್ರವರಿಯಲ್ಲೂ ಏಳುತ್ತದೆ. ಅದರ ಮೂಲಕ ತೆಗೆದ ಫೋಟೊ ನೀರಲ್ಲಿ ಅದ್ದಿ ತೆಗೆದಂತಿರುತ್ತದೆ, ಎಷ್ಟು ದುಬಾರಿ ಲೆನ್ಸ್ ಇದ್ದರೂ ಅಷ್ಟೇ. ಓಡುತ್ತಿರುವ, ಏಳುತ್ತಿರುವ ವಿಮಾನದ ಫೋಟೊ ಬೆಳಿಗ್ಗೆ ತೆಗೆಯಿರಿ. ಮಧ್ಯಾಹ್ನ ಮೇಲೆ ಹಾರುವುದನ್ನು ಮಾತ್ರ ತೆಗೆಯಿರಿ. ಆದಷ್ಟು ಸೂರ್ಯ ಬೆನ್ನ ಹಿಂದೆ ಇರುವ ಜಾಗ ಹುಡುಕಿ.

ಟೋಪಿ ಬೇಕು, ನೀರು ಬೇಕು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಡುವವರು ಟಿಕೆಟ್ ಮೇಲಿನ ನಿಯಮ ಒಮ್ಮೆ ಓದಿಕೊಳ್ಳಿ. ಮಕ್ಕಳಿದ್ದರೆ ಅವರ ಕಿವಿಗೆ ಹತ್ತಿ ಸಾಲದು. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಸ್ಪಂಜಿನ ಇಯರ್ ಪ್ಲಗ್ ತನ್ನಿ, ತೀರಾ ಚಿಕ್ಕ ಮಕ್ಕಳಿಗೆ ಕಿವಿ ಪೂರ್ತಿ ಮುಚ್ಚುವ ಮಫ್ ಬೇಕು. ಒಣಹುಲ್ಲಿನ ಮೇಲೆ ಬೀಡಿ, ಸಿಗರೇಟು ಎಸೆಯಲೇಬೇಡಿ. 2019ರಲ್ಲಿ ಯಲಹಂಕದ ಪಾರ್ಕಿಂಗ್ ಬಯಲಿನಲ್ಲಿ ಒಣಹುಲ್ಲಿಗೆ ಬೆಂಕಿ ಹತ್ತಿ ಸುಮಾರು 300 ಕಾರು ಸುಟ್ಟುಹೋದವು. ಧೂಳು ಜಾಸ್ತಿ ಇರುತ್ತದೆ, ಅಲ್ಲಿ ನಿಂತು ಲೆನ್ಸ್ ಬದಲಿಸಬೇಡಿ.

ಹಾರಾಟ ಶುರುವಾದ ಮೇಲೆ ನಾನು ಪಾಲಿಸುವುದು ಒಂದೇ ನಿಯಮ. ಪ್ರದರ್ಶನ ಮಾಡುವ ವಿಮಾನ ಒಂದೇ ಸಲ ಹೋಗಿ ಮುಗಿಸುವುದು ಕಡಿಮೆ, ತಿರುಗಿ ಬರುತ್ತದೆ. ಮೊದಲ ಸಲ ಬಂದಾಗ ಕ್ಯಾಮೆರಾ ಕೆಳಗೆ ಇಳಿಸಿರುತ್ತೇನೆ, ಬರಿಗಣ್ಣಲ್ಲಿ ನೋಡುತ್ತೇನೆ. ಅದು ಎಲ್ಲಿಂದ ಬರುತ್ತದೆ, ಎಲ್ಲಿ ಓರೆಯಾಗುತ್ತದೆ, ಯಾವ ಜಾಗದಲ್ಲಿ ಬೆನ್ನು ನಮ್ಮ ಕಡೆ ತಿರುಗಿಸುತ್ತದೆ ಅಂತ. ಅದು ಹೋದ ಮೇಲೆ ಸಪ್ಪಳ ಬಂದು ಎದೆಗೆ ಬಡಿಯುತ್ತದೆ, ಕಾಲಡಿ ನೆಲ ನಡುಗಿದಂತಾಗುತ್ತದೆ. ಅದನ್ನು ಯಾವ ಕಾರ್ಡಿನಲ್ಲೂ ತುಂಬಿಕೊಂಡು ಬರಲಿಕ್ಕಾಗುವುದಿಲ್ಲ. ಎರಡನೇ ಸಲ ಬಂದಾಗ ಫೋಟೊ. ಓರೆಯಾಗಿ ತಿರುಗುವ ಜಾಗ ಆಗಲೇ ಗೊತ್ತಿರುತ್ತದೆ, ಅಲ್ಲಿಗೆ ಬರುವ ಅರ್ಧ ಸೆಕೆಂಡ್ ಮೊದಲು ಬಟನ್ ಒತ್ತಿ ಹಿಡಿಯಿರಿ. ಕ್ಯಾಮೆರಾದ ಸ್ಕ್ರೀನ್ ನೋಡುತ್ತ ನಿಲ್ಲಬೇಡಿ, ಅದನ್ನು ರೈಲಿನಲ್ಲಿ ನೋಡಬಹುದು.

ಫೋಟೊದಲ್ಲಿ ಬಾಲದ ಹತ್ತಿರ ಬರೆದ ನಂಬರ್ ಕತ್ತರಿಸಿಹೋಗದಂತೆ ಜಾಗ ಬಿಟ್ಟು ಹಿಡಿಯಿರಿ. ಇದನ್ನು ನನಗೆ ಕಲಿಸಿದ್ದು ಸಾಂಬ್ರಾದ ನಮ್ಮ ಕಾಕಾ, ವಾಯುಪಡೆಯಲ್ಲಿ ಜಾಗ್ವಾರ್ ರಿಪೇರಿ ಮಾಡಿ ನಿವೃತ್ತಿಯಾದವರು. ನಾನು ತೆಗೆದದ್ದರಲ್ಲಿ ಚೆಂದದ್ದು ಅನಿಸಿದ ಫೋಟೊ ಪ್ರಿಂಟ್ ಹಾಕಿಸಿ ಒಯ್ದು ಕೊಟ್ಟೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಚಂದ ಬಂದೈತಿ. ನಂಬರ್ ಎಲ್ಲಿ ಐತಿ ತಮ್ಮಾ? ನಂಬರ್ ಇದ್ದಿದ್ರ ನಾವು ಕೆಲಸ ಮಾಡಿದ್ದ ವಿಮಾನ ಹೌದೋ ಅಲ್ಲೋ ಹೇಳ್ತಿದ್ದೆ" ಅಂದರು. ಮುಂದಿನ ಸಲ ಒಂದು ಫೋಟೊದಲ್ಲಿ ಜೆಎಸ್ ಅಂತ ಶುರುವಾಗುವ ಪೂರ್ತಿ ನಂಬರ್ ಸಿಕ್ಕಿತು. ಕಾಕಾ ಅದನ್ನು ಬೆರಳಿಟ್ಟು ಓದಿ, ಒಳಗೆ ಹೋಗಿ ತಮ್ಮ ಹಳೇ ಡೈರಿ ಹುಡುಕಿ ತಂದು ಕೂತರು.