ದುಬೈ ಮಾಲ್: ಕಾಲು ಸೋಲುವ ಮೊದಲು ನೋಡುವುದು ಹೇಗೆ?

ದುಬೈ ಮಾಲ್‌ನಲ್ಲಿ 1,200ಕ್ಕೂ ಹೆಚ್ಚು ಅಂಗಡಿಗಳಿವೆ. ಎಲ್ಲ ನೋಡಿಯೇ ಬರುತ್ತೇವೆಂದು ಹೊರಟವರು ಎರಡೇ ತಾಸಿನಲ್ಲಿ ಕೂರಲು ಬೆಂಚು ಹುಡುಕುತ್ತಾರೆ. ಹಾಗಾಗಿ ರೂಮಿನಲ್ಲೇ ಕೂತು ಮೂರು ಸಂಗತಿ ಆರಿಸಿಕೊಳ್ಳಿ, ಉಳಿದದ್ದರ ಆಸೆ ಬಿಡಿ. ನಾವು ಆರಿಸಿದ್ದು ಅಕ್ವೇರಿಯಂ, ಬುರ್ಜ್ ಖಲೀಫಾ ಮತ್ತು ಮಾಲ್ ಹೊರಗಿನ ಕಾರಂಜಿ.

ದಿನ ಯಾವುದು? 2022ರಿಂದ ಅಲ್ಲಿನ ವಾರಾಂತ್ಯ ಶನಿವಾರ, ಭಾನುವಾರ. ಶುಕ್ರವಾರ ಸಂಜೆಯಿಂದಲೇ ಜನ ಸೇರುತ್ತಾರೆ. ಸೋಮವಾರದಿಂದ ಗುರುವಾರದೊಳಗೆ, ಮಧ್ಯಾಹ್ನ ಮೂರರ ಹೊತ್ತಿಗೆ ತಲುಪಿದರೆ ಸರಿ. ಡಿಸೆಂಬರ್ 31 ಮಾತ್ರ ಬೇಡವೇ ಬೇಡ.

ಹೋಗಲು ಮೆಟ್ರೊ ಸಾಕು. ನಮ್ಮವರು ಹೆಚ್ಚಾಗಿ ಉಳಿಯುವ ಬರ್ ದುಬೈ ಕಡೆಯಿಂದಾದರೆ ಗ್ರೀನ್ ಲೈನ್ ಹತ್ತಿ ಬರ್ಜುಮಾನ್‌ನಲ್ಲಿ ರೆಡ್ ಲೈನ್‌ಗೆ ಬದಲಾಯಿಸಿ, ಬುರ್ಜ್ ಖಲೀಫಾ/ದುಬೈ ಮಾಲ್ ನಿಲ್ದಾಣದಲ್ಲಿ ಇಳಿಯಿರಿ. ಟಿಕೆಟ್ ಬದಲು ಬಳಸುವ ‘ನೋಲ್’ ಕಾರ್ಡ್ ತಲೆಗೊಂದು ಬೇಕು, ಒಂದನ್ನೇ ಇಬ್ಬರು ಉಜ್ಜಲಾಗದು. ಮಹಿಳೆಯರು, ಮಕ್ಕಳಿಗೆ ಮೀಸಲಾದ ಬೋಗಿಯ ಗಡಿಗೆ ಗುಲಾಬಿ ಗೆರೆ ಎಳೆದಿರುತ್ತಾರೆ. ಗಂಡಸರು ಅದನ್ನು ದಾಟಿದರೆ ದಂಡ. ರೈಲಿನಲ್ಲಿ ಚಕ್ಕುಲಿ ಡಬ್ಬಿ ತೆರೆದರೂ ದಂಡವೇ!

ಇಳಿದ ಕೂಡಲೇ ಮಾಲ್ ಸಿಗುತ್ತದೆ ಅಂದುಕೊಳ್ಳಬೇಡಿ. ಮುಕ್ಕಾಲು ಕಿಲೋಮೀಟರ್‌ಗೂ ಉದ್ದದ ಎಸಿ ಸೇತುವೆ ದಾಟಬೇಕು. ನಡುನಡುವೆ ತಾನೇ ಚಲಿಸುವ ಪಟ್ಟಿಗಳಿವೆ. ನಿಲ್ಲುವವರು ಬಲಕ್ಕೆ ಸರಿಯಿರಿ. ನಮ್ಮಮ್ಮ ಅರ್ಧ ದಾರಿಯಲ್ಲಿ, ‘ಮಾಲ್ ಅಂದ್ರೆ ಇಷ್ಟೇನಾ, ಅಂಗಡಿನೇ ಇಲ್ವಲ್ಲ’ ಎಂದಿದ್ದರು. ಹೊಸ ಚಪ್ಪಲಿಯನ್ನು ಇಲ್ಲಿ ಉದ್ಘಾಟಿಸಬೇಡಿ.

ಒಳಗೆ ಕಾಲಿಟ್ಟ ತಕ್ಷಣದ ಕೆಲಸ, ತಪ್ಪಿಸಿಕೊಂಡರೆ ಸೇರುವ ಜಾಗ ಗೊತ್ತು ಮಾಡುವುದು. ಜಾತ್ರೆಯಲ್ಲಿ ‘ತೇರಿನ ಹತ್ತಿರ’ ಅನ್ನುತ್ತೇವಲ್ಲ, ಹಾಗೆ. ಆದರೆ ‘ಅಕ್ವೇರಿಯಂ ಹತ್ತಿರ’ ಅಂದರೆ ಕೆಟ್ಟಿತು. ಅದರ ಪಾರದರ್ಶಕ ಫಲಕವೊಂದೇ 32 ಮೀಟರ್‌ಗಿಂತ ಅಗಲ. ನಾವು ಹಾಗೆಂದೇ ಮೋಸ ಹೋದೆವು: ಅಮ್ಮ ಆ ತುದಿಯಲ್ಲಿ, ನಾವು ಈ ತುದಿಯಲ್ಲಿ, ನಡುವೆ ಎತ್ತಿದ ಮೊಬೈಲುಗಳ ಕಾಡು. ಒಂದು ಅಂಗಡಿಯ ಹೆಸರು ಹೇಳಿ, ಜೊತೆಗೆ ಮಹಡಿಯನ್ನೂ ಹೇಳಿ. ‘ವಾಟ್ಸ್‌ಆ್ಯಪ್ ಕಾಲ್ ಮಾಡಿದ್ರಾಯ್ತು’ ಎಂಬ ಧೈರ್ಯವೂ ಬೇಡ. ಅಲ್ಲಿ ಮೆಸೇಜ್ ಹೋಗುತ್ತದೆ, ಕರೆ ಸಾಮಾನ್ಯವಾಗಿ ಸಿಗುವುದಿಲ್ಲ.

ಅಕ್ವೇರಿಯಂಗೆ ದುಡ್ಡು ಕೊಡಬೇಕೆ? ತೊಟ್ಟಿಯ ನಡುವಿನ ಸುರಂಗದೊಳಗೆ ಹೋಗಲು ಟಿಕೆಟ್ ಬೇಕು. ಆದರೆ ಒಂದು ಕೋಟಿ ಲೀಟರ್ ನೀರಿನ ಆ ತೊಟ್ಟಿ ಮಾಲ್‌ನ ಓಣಿಯಿಂದಲೇ ಪುಕ್ಕಟೆ ಕಾಣುತ್ತದೆ. ಚಪ್ಪಟೆ ಮೈಯ ತೊರಕೆ (ರೇ) ಮೀನು ಹೊಟ್ಟೆಯ ಬಿಳಿ ತೋರಿಸುತ್ತ ಫಲಕಕ್ಕೆ ಒರಗಿಕೊಂಡೇ ಮೇಲೇರುವುದನ್ನು ಅಮ್ಮ ಅರ್ಧ ಗಂಟೆ ನಿಂತು ನೋಡಿದರು. ನನ್ನ ಲೆಕ್ಕದಲ್ಲಿ ಅಷ್ಟು ಸಾಕು.

ಬುರ್ಜ್ ಖಲೀಫಾ ಏರುವ ಪ್ರವೇಶವೂ ಮಾಲ್‌ನೊಳಗೇ ಇದೆ. ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ಮಾಡಿಸಿ. ಸೂರ್ಯಾಸ್ತದ ಹೊತ್ತಿಗೆ ದರ ಹೆಚ್ಚು. ಅದಕ್ಕೂ ಮುಂಚಿನ ಸಮಯ ಹಿಡಿದರೆ ಇಳಿದು ಬರುವಷ್ಟರಲ್ಲಿ ಕಾರಂಜಿ ಶುರುವಾಗುತ್ತದೆ. ಅದಕ್ಕೆ ಟಿಕೆಟ್ ಇಲ್ಲ. ಸಂಜೆ ಅರ್ಧ ಗಂಟೆಗೊಮ್ಮೆ ನಡೆಯುವ ಆಟ ಕೆಲವೇ ನಿಮಿಷದ್ದು. ಮಾಲ್‌ನ ಬಾಗಿಲಲ್ಲೇ ನಿಲ್ಲದೆ ಎದುರಿನ ಸೂಕ್ ಅಲ್ ಬಹರ್ ಮಾರುಕಟ್ಟೆ ಕಡೆಯ ಸೇತುವೆಗೆ ನಡೆದು, ಹತ್ತು ನಿಮಿಷ ಮುಂಚೆ ಕಟಾಂಜನ ಹಿಡಿದುಕೊಳ್ಳಿ. ಮೊದಲ ಆಟದಲ್ಲಿ ಜಾಗ ಸಿಗದಿದ್ದರೆ ನೋಡಿ ಮುಗಿಸಿದವರು ಸರಿಯುವವರೆಗೆ ಕಾಯಿರಿ.

ಖರೀದಿ ಮಾಡುವುದಾದರೆ ಪಾಸ್‌ಪೋರ್ಟ್ ಜೊತೆಗಿರಲಿ. ಸೌಲಭ್ಯವಿರುವ ಅಂಗಡಿಯಲ್ಲಿ 250 ದಿರ್ಹಂ ದಾಟಿದರೆ ಪ್ರವಾಸಿಗರು ಶೇ 5ರ ವ್ಯಾಟ್‌ನಲ್ಲಿ ಹೆಚ್ಚಿನ ಪಾಲು ವಾಪಸ್ ಪಡೆಯಬಹುದು. ಬಿಲ್ ಮಾಡುವಾಗಲೇ ಕೇಳಬೇಕು, ವಿಮಾನ ನಿಲ್ದಾಣದಲ್ಲಿ ಲಗೇಜ್ ಕೊಡುವ ಮೊದಲೇ ತೋರಿಸಬೇಕು. ಊಟಕ್ಕೆ ಫುಡ್ ಕೋರ್ಟ್ ಇದೆ. ಅನ್ನ ಸಾರೇ ಬೇಕೆನ್ನುವವರು ಹಸಿವು ತಡೆದುಕೊಂಡು ಕರಾಮ ಬಡಾವಣೆಯ ಉಡುಪಿ ಹೋಟೆಲ್‌ಗಳಿಗೆ ಹೋಗುವುದು ವಾಸಿ.

ಅಮ್ಮ ಕೊನೆಗೆ ಕೊಂಡದ್ದು ಒಂದು ಫ್ರಿಜ್ ಮ್ಯಾಗ್ನೆಟ್. ಅದೂ ಮಾಲ್‌ನಲ್ಲಲ್ಲ, ಮರುದಿನ ಬರ್ ದುಬೈನ ಮೀನಾ ಬಜಾರ್‌ನಲ್ಲಿ, ಚೌಕಾಸಿ ಮಾಡಿ.